ಬೆಂಚು ಕೂಡಿಕೊಂಡ ಮೇಜು

ಅಮೆರಿಕದ ಮನೆಗಳ ಹಿತ್ತಿಲಲ್ಲಿರುವ ಮರದ ಪಿಕ್‌ನಿಕ್ ಮೇಜನ್ನು ನೋಡಿದರೆ, ಯಾರೋ ರೈತರು ಬಿಡುವಿನಲ್ಲಿ ಹಲಗೆ ಜೋಡಿಸಿ ಮಾಡಿದ್ದು ತಲೆಮಾರುಗಳಿಂದ ಹಾಗೇ ಉಳಿದುಬಂದಿದೆ ಅನ್ನಿಸುತ್ತದೆ. ಆದರೆ ಅಗಲಿಸಿದ ಕಾಲು, ಎರಡೂ ಬದಿಗೆ ಮೇಜಿಗೇ ಕೂಡಿಕೊಂಡ ಬೆಂಚು ಇರುವ ಈ ರೂಪ ಜನರಲ್ಲಿ ಬೇರೂರಿದ್ದು ಮೋಟಾರು ಕಾರಿನ ಕಾಲದಲ್ಲಿ, ಸರಕಾರಿ ಕಾಡು ಮತ್ತು ಉದ್ಯಾನಗಳಲ್ಲಿ. ಅದಕ್ಕೆ ಮೊದಲೂ ಜನ ಬಯಲಲ್ಲಿ ಕೂತು ಉಣ್ಣುತ್ತಿದ್ದರು, ನಿಜ. ಆಗ ಕಳಚಿಡುವ ಕಾಲುಗಳ ಮೇಲೆ ಹಲಗೆ ಹಾಸಿದರೆ ಮೇಜಾಗುತ್ತಿತ್ತು, ಇಲ್ಲವೇ ನೆಲದ ಮೇಲೆ ಬಟ್ಟೆ ಹಾಸಿದರೆ ಸಾಕಿತ್ತು. 20ನೇ ಶತಮಾನದ ಮೊದಲೆರಡು ದಶಕಗಳಲ್ಲೇ ಇಂಥ ಮೇಜಿಗೆ ಪೇಟೆಂಟ್ ಸಿಕ್ಕಿತ್ತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಪೇಟೆಂಟು ಒಂದು ಕಲ್ಪನೆಯ ಹುಟ್ಟನ್ನು ತೋರಿಸುತ್ತದೆ. ಅದು ಊರೂರಿಗೆ ಹೇಗೆ ಹಬ್ಬಿತು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ.

ಹಬ್ಬಿದ್ದಕ್ಕೆ ಕಾರಣ ಮರಗಳ ಬೇರು. 1920ರ ದಶಕದಲ್ಲಿ ಕಾರುಗಳು ಕಾಡಿಗೆ ನುಗ್ಗಿ, ಸಿಕ್ಕಸಿಕ್ಕಲ್ಲಿ ನಿಂತು, ಬೇರಿನ ಮೇಲಿನ ಮಣ್ಣು ಗಟ್ಟಿಯಾಗಿ ಮರಗಳು ಸೊರಗತೊಡಗಿದವು. ಸಸ್ಯರೋಗ ತಜ್ಞ ಎಮಿಲಿಯೊ ಮೈನೆಕೆ 1932ರಲ್ಲಿ ಇದಕ್ಕೊಂದು ಯೋಜನೆ ಮಂಡಿಸಿದರು: ಪ್ರತಿ ಬಿಡಾರಕ್ಕೂ ಕಾರು ನಿಲ್ಲಿಸಲು, ಒಲೆ ಹೂಡಲು, ಮೇಜು ಇಡಲು ಗೊತ್ತಾದ ಜಾಗ. ಮೇಜು ಕದಲದಿದ್ದರೆ ಜನರ ಓಡಾಟವೂ ಅಲ್ಲಿಗೇ ಸೀಮಿತವಾಗುತ್ತದೆ. ಬೆಂಚು ಕೂಡಿಕೊಂಡ ಭಾರದ ಮೇಜು ಈ ಕೆಲಸಕ್ಕೆ ಹೇಳಿಮಾಡಿಸಿದಂತಿತ್ತು. ಮರುವರ್ಷವೇ ರೂಸ್‌ವೆಲ್ಟ್ ಸರಕಾರ ಸಿವಿಲಿಯನ್ ಕನ್ಸರ್ವೇಶನ್ ಕೋರ್ ಎಂಬ ಉದ್ಯೋಗ ಪಡೆಯನ್ನು ಕಟ್ಟಿತು. ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ ಸುಮಾರು 25 ಡಾಲರ್ ಮನೆಗೆ. ಕೆಲಸವಿಲ್ಲದ ಲಕ್ಷಾಂತರ ಹುಡುಗರು 1942ರವರೆಗೆ ಉದ್ಯಾನಗಳಲ್ಲಿ ರಸ್ತೆ, ಕುಟೀರ, ಮೇಜು ನಿರ್ಮಿಸಿದರು. ವಾಸ್ತುಶಿಲ್ಪಿ ಆಲ್ಬರ್ಟ್ ಗುಡ್ 1938ರಲ್ಲಿ ಹೊರತಂದ ಮೂರು ಸಂಪುಟಗಳ ಉದ್ಯಾನ ನಿರ್ಮಾಣ ಗ್ರಂಥದಲ್ಲಿ ಪಿಕ್‌ನಿಕ್ ಮೇಜಿನ ನಕ್ಷೆಗಳಿಗೂ ಜಾಗವಿತ್ತು.

ಉದ್ಯಾನದಲ್ಲಿ ಕಂಡದ್ದನ್ನು ಮನೆಯಲ್ಲಿ ಮಾಡಲು ಮರದ ಮಿಲ್ಲುಗಳು ದಾರಿ ತೆರೆದವು. 1924ರಲ್ಲಿ ಅಮೆರಿಕದಲ್ಲಿ ಕೊಯ್ದ ಮರದ ಅಳತೆಗೆ ರಾಷ್ಟ್ರೀಯ ಮಾನದಂಡ ಬಂತು. ಎರಡು-ಆರು ಎಂದು ಕರೆಯುವ ಹಲಗೆ ಇಂದು ವಾಸ್ತವದಲ್ಲಿ ಒಂದೂವರೆ ಇಂಚು ದಪ್ಪ, ಐದೂವರೆ ಇಂಚು ಅಗಲ. ಅಂಥ ಐದನ್ನು, ಮಳೆನೀರು ಇಳಿಯುವಷ್ಟು ಸಂದು ಬಿಟ್ಟು ಜೋಡಿಸಿದರೆ ಸುಮಾರು 28 ಇಂಚಿನ ಮೇಜು ಸಿದ್ಧ. ಉಳಿ ಹಿಡಿದು ಕಚ್ಚು ಕೊರೆಯುವ ಗೋಜಿಲ್ಲ. ಗರಗಸ, ಡ್ರಿಲ್, ಬೋಲ್ಟು-ನಟ್ಟು ಸಾಕು. 1946ರಲ್ಲಿ ಬ್ಲ್ಯಾಕ್ ಅಂಡ್ ಡೆಕರ್ ಕಂಪನಿ ಮನೆಬಳಕೆಯ ಅಗ್ಗದ ಡ್ರಿಲ್ ತಂದ ಮೇಲೆ ತೂತು ಕೊರೆಯುವುದೂ ಸುಲಭವಾಯಿತು. ಹಲಗೆ ಮಿಲ್ಲಿನದು, ನಕ್ಷೆ ಸರಕಾರದ್ದು ಎಂದಾದರೆ ಮನೆಯವರ ಕೈಚಳಕ ಎಲ್ಲಿ ಉಳಿಯಿತು ಎಂದು ಕೇಳಬಹುದು. ಚಿಕ್ಕ ಮೇಜು ಮಾಡಹೊರಟವರಿಗೆ ಅದು ಗೊತ್ತಾಗುತ್ತದೆ. ಎಲ್ಲ ಅಳತೆಯನ್ನೂ ಅರ್ಧಕ್ಕಿಳಿಸಿದರೆ ಮೇಜಿನ ತೂಕ ಅರ್ಧಕ್ಕಿಂತ ಎಷ್ಟೋ ಕೆಳಗಿಳಿಯುತ್ತದೆ. ದೊಡ್ಡವರೊಬ್ಬರು ಒಂದೇ ಬದಿಗೆ ಕೂತರೆ ಇಡೀ ಮೇಜು ಮಗುಚುತ್ತದೆ. ಹಾಗಾಗದಂತೆ ಕಾಲಿನ ಬುಡವನ್ನು ಬೆಂಚಿನ ಅಡಿಯವರೆಗೆ ಚಾಚುವ ಲೆಕ್ಕವನ್ನು ಮಾಡುವವರೇ ಕೂತು ಹಾಕಬೇಕು.