ಕೋಚಿನ ಕುರ್ಚಿಗೊಂದು ಜಗಳ

2019ರ ಮೇ ತಿಂಗಳು. ದೆಹಲಿಯ ಕಚೇರಿಗಳಲ್ಲೆಲ್ಲ ಲೋಕಸಭಾ ಚುನಾವಣೆಯದೇ ಮಾತು. ನಮ್ಮ ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಮಾತ್ರ ಬೇರೊಂದು ಆಯ್ಕೆಯ ಕಾವು ಏರಿತ್ತು. ಉಮೇದುವಾರರು ನಾಲ್ವರು, ಕುರ್ಚಿ ಒಂದೇ: ಭಾರತ ಫುಟ್‌ಬಾಲ್ ತಂಡದ ಮುಖ್ಯ ಕೋಚ್ ಹುದ್ದೆ.

ಅದೇ ಜನವರಿಯಲ್ಲಿ ಏಷ್ಯಾ ಕಪ್ ಪಂದ್ಯಾವಳಿಯಲ್ಲಿ ಥಾಯ್ಲೆಂಡನ್ನು 4–1ರಿಂದ ಸೋಲಿಸಿ ನಮ್ಮನ್ನೆಲ್ಲ ಕುಣಿಸಿದ ತಂಡ, ಬಹರೇನ್ ವಿರುದ್ಧ ಕೊನೆಯ ಗಳಿಗೆಯ ಪೆನಾಲ್ಟಿಯಿಂದ ಸೋತು ಮನೆಗೆ ಮರಳಿತ್ತು. ಆ ಸೋಲಿನ ಬೆನ್ನಲ್ಲೇ ಕೋಚ್ ಸ್ಟೀಫನ್ ಕಾನ್‌ಸ್ಟಂಟೈನ್ ರಾಜೀನಾಮೆ ಕೊಟ್ಟಿದ್ದರು. ಅವರ ಜಾಗಕ್ಕೆ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಕೊನೆಗೆ ಉಳಿಸಿಕೊಂಡ ನಾಲ್ಕು ಹೆಸರುಗಳು ಕ್ರೊಯೇಷಿಯಾದ ಇಗೋರ್ ಸ್ಟಿಮಾಚ್, ಸ್ಪೇನಿನ ಆಲ್ಬರ್ಟ್ ರೋಕಾ, ಕೊರಿಯಾದ ಲೀ ಮಿನ್ ಸಂಗ್, ಸ್ವೀಡನ್ನಿನ ಹೊಕನ್ ಎರಿಕ್ಸನ್.

ನನ್ನ ಓಟು ಯಾರಿಗೆಂದು ಬೇರೆ ಹೇಳಬೇಕೆ? ರೋಕಾ ನಮ್ಮೂರ ಬೆಂಗಳೂರು ಎಫ್‌ಸಿಯಲ್ಲಿ ಎರಡು ವರ್ಷ ದುಡಿದವರು. 2016ರಲ್ಲಿ ಆ ತಂಡ ಎಎಫ್‌ಸಿ ಕಪ್ಪಿನ ಫೈನಲ್ ತಲುಪಿದಾಗ, ಅಲ್ಲಿಯವರೆಗೆ ಯಾವ ಭಾರತೀಯ ಕ್ಲಬ್ಬೂ ಆ ಮೆಟ್ಟಿಲು ಹತ್ತಿರಲಿಲ್ಲ. ದೋಹಾದಲ್ಲಿ ಇರಾಕಿನ ವಾಯುಪಡೆಯ ತಂಡಕ್ಕೆ 0–1ರಿಂದ ಸೋತರು, ಆ ಮಾತು ಬೇರೆ. ಸುನಿಲ್ ಛೆಟ್ರಿ, ಗೋಲಿ ಗುರುಪ್ರೀತ್, ಉದಾಂತ ಎಲ್ಲರೂ ರೋಕಾ ಕೈಕೆಳಗೆ ಆಡಿದವರು. ಹುಡುಗರನ್ನು ಬಲ್ಲವರನ್ನು ಬಿಟ್ಟು ಬೇರೊಬ್ಬರನ್ನು ತರುವುದೇಕೆ ಎಂಬುದು ನಮ್ಮ ಪಕ್ಷದ ವಾದ.

ಮೇ 15ರಂದು ಸ್ಟಿಮಾಚ್ ಹೆಸರು ಹೊರಬಿತ್ತು. ಅಂದು ನನಗೆ ಊಟ ರುಚಿಸಲಿಲ್ಲ. 1998ರ ವಿಶ್ವಕಪ್‌ನಲ್ಲಿ ಮೂರನೆಯ ಸ್ಥಾನ ಪಡೆದ ಕ್ರೊಯೇಷಿಯಾ ತಂಡದ ಹಿಂಗಾವಲಿನ ಆಟಗಾರ ಅವರು, ದೊಡ್ಡ ಹೆಸರು, ನಿಜ. ಆದರೆ ಕೋಚ್ ಆಗಿ? 2012ರಲ್ಲಿ ತಮ್ಮ ದೇಶದ ತಂಡವನ್ನೇ ವಹಿಸಿಕೊಂಡು, ಮರುವರ್ಷವೇ ವಿಶ್ವಕಪ್ ಅರ್ಹತೆ ಇನ್ನೂ ಪೂರ್ತಿಯಾಗುವ ಮುನ್ನ ಹುದ್ದೆ ಕಳೆದುಕೊಂಡಿದ್ದರು.

ನಮ್ಮ ಸೆಕ್ಷನ್ನಿನ ಬಂಗಾಳಿ ದಾದಾ ಸ್ಟಿಮಾಚ್ ಪಕ್ಷ. "ವಿಶ್ವಕಪ್ ಪದಕದವನು ಬರುತ್ತಿದ್ದಾನೆ, ನಿನಗೆ ನಿನ್ನ ಬೆಂಗಳೂರೇ ಆಗಬೇಕು" ಎಂದು ಹಂಗಿಸಿದರು. ನಾನು ರಹೀಮ್ ಸಾಹೇಬರನ್ನು ಎದುರಿಗೆ ತಂದೆ. ಹೈದರಾಬಾದಿನ ಶಾಲಾ ಮೇಷ್ಟ್ರು ಸೈಯದ್ ಅಬ್ದುಲ್ ರಹೀಮ್. 1951ರ ದೆಹಲಿ ಏಷ್ಯನ್ ಕ್ರೀಡೆಯ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸಿನ ನಾಲ್ಕನೆಯ ಸ್ಥಾನ, 1962ರ ಜಕಾರ್ತಾದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಮಣಿಸಿದ ಚಿನ್ನ, ಎಲ್ಲವೂ ಅವರ ಕಾಲದವು. ಅವರಿಗೆ ಯಾವ ವಿಶ್ವಕಪ್ ಪದಕವಿತ್ತು?

ದಾದಾ ಚಹಾ ಲೋಟ ಕೆಳಗಿಟ್ಟರು. "ರಹೀಮ್ ಸಾಹೇಬರು ಹೈದರಾಬಾದ್ ಸಿಟಿ ಪೊಲೀಸ್ ತಂಡಕ್ಕೂ ಕೋಚು. ದೇಶದ ತಂಡದ ಎಷ್ಟೋ ಹುಡುಗರು ವರ್ಷವಿಡೀ ಅವರ ಕಣ್ಣೆದುರಿಗೇ ಇದ್ದರು. ಈಗಿನ ಕೋಚಿಗೆ ಹುಡುಗರು ಎಷ್ಟು ದಿನ ಸಿಗುತ್ತಾರೆ, ಹೇಳು?" ಆ ಮಾತಿಗೆ ನಾನು ಬೆಲೆ ಕೊಡಲಿಲ್ಲ. ವಾದದ ಬಿಸಿಯಲ್ಲಿ ಯಾರು ಕೊಡುತ್ತಾರೆ?

ಮುಂದಿನ ಐದು ವರ್ಷ ಇಬ್ಬರಿಗೂ ಸರದಿಯ ಮೇಲೆ ಗೆಲುವು. 2019ರ ಸೆಪ್ಟೆಂಬರಿನಲ್ಲಿ ಗುವಾಹಟಿಯಲ್ಲಿ ಓಮನ್ ವಿರುದ್ಧ ಮುಂದಿದ್ದು, ಕೊನೆಯ ಹತ್ತು ನಿಮಿಷಗಳಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಸೋತಾಗ ನಾನು ಮೀಸೆ ತಿರುವಿದೆ. ಐದೇ ದಿನಕ್ಕೆ, ಛೆಟ್ರಿ ಇಲ್ಲದ ತಂಡ ಏಷ್ಯಾ ಚಾಂಪಿಯನ್ ಕತಾರನ್ನು ಅವರದೇ ನೆಲದಲ್ಲಿ 0–0ಗೆ ಕಟ್ಟಿಹಾಕಿತು. ದಾದಾ ಇಡೀ ಸೆಕ್ಷನ್ನಿಗೆ ಸಂದೇಶ್ ಹಂಚಿದರು. ಬಂದ ಚೆಂಡನ್ನೆಲ್ಲ ತಡೆದ ಗುರುಪ್ರೀತ್ ಆಗ ಬೆಂಗಳೂರಿನ ಗೋಲಿ ಎಂಬುದನ್ನು ನೆನಪಿಸಿ, ಒಂದು ಸಂದೇಶ್ ಹೆಚ್ಚಿಗೇ ತಿಂದೆ.

2023 ಸ್ಟಿಮಾಚ್ ಅವರ ಒಳ್ಳೆಯ ವರ್ಷ. ಭುವನೇಶ್ವರದಲ್ಲಿ ಇಂಟರ್‌ಕಾಂಟಿನೆಂಟಲ್ ಕಪ್ ಬಂತು. ಬಳಿಕ ನಮ್ಮ ಕಂಠೀರವ ಕ್ರೀಡಾಂಗಣದಲ್ಲೇ ಸ್ಯಾಫ್ ಪಂದ್ಯಾವಳಿ. ಪಾಕಿಸ್ತಾನದ ಆಟಗಾರ ಥ್ರೋ ಮಾಡಲು ಹೊರಟಾಗ ಕೋಚ್ ಮಹಾಶಯರು ಕೈಯಿಂದ ಚೆಂಡು ತಟ್ಟಿ ಕೆಂಪು ಕಾರ್ಡು ಪಡೆದರು, ಕುವೈತ್ ಪಂದ್ಯದಲ್ಲಿ ಇನ್ನೊಂದು. ಹೀಗಾಗಿ ಜುಲೈ 4ರ ಫೈನಲ್ ದಿನ ಅವರಿಗೆ ನಿಷೇಧವಿದ್ದು, ತಂಡವನ್ನು ನಡೆಸಿದವರು ಸಹಾಯಕ ಮಹೇಶ್ ಗಾವ್ಳಿ. 1–1 ಆಗಿ, ಪೆನಾಲ್ಟಿಯಲ್ಲಿ 5–4. ಕುವೈತಿನ ಕೊನೆಯ ಒದೆತವನ್ನು ಹಾರಿ ತಡೆದವರು ಮತ್ತೆ ಗುರುಪ್ರೀತ್. ಆ ತಿಂಗಳ ಫಿಫಾ ಪಟ್ಟಿಯಲ್ಲಿ ಭಾರತ 99. ಬೆಂಗಳೂರಿನಲ್ಲಿ ಗೆದ್ದದ್ದು ದಾದಾ ಹೇಳಿದ ಕೋಚು. ನಾನು ಅಳಬೇಕೋ ನಗಬೇಕೋ ತಿಳಿಯದಾಯಿತು.

ಅಲ್ಲಿಂದ ಇಳಿಜಾರು. ಸೆಪ್ಟೆಂಬರಿನ ಹಾಂಗ್‌ಝೌ ಏಷ್ಯನ್ ಕ್ರೀಡೆಗೆ ಕ್ಲಬ್ಬುಗಳು ಆಟಗಾರರನ್ನು ಬಿಟ್ಟುಕೊಡಲು ತಕರಾರು ಮಾಡಿದವು. ಹಿಂದಿನ ದಿನವಷ್ಟೇ ಬಂದಿಳಿದ ತಂಡ ಚೀನಾಕ್ಕೆ 1–5ರಿಂದ ಸೋತಿತು. ಆಗ ನನಗೆ ದಾದಾ ಅವರ ಹಳೆಯ ಪ್ರಶ್ನೆ ನೆನಪಾಯಿತು. ಹುಡುಗರೇ ಸಿಗದಿದ್ದರೆ ರೋಕಾ ಆದರೂ ಏನು ಮಾಡುತ್ತಿದ್ದರು? ಹಾಗೆಂದು ಸ್ಟಿಮಾಚ್ ತಪ್ಪೇ ಇಲ್ಲವೆಂದು ನಾನು ಹೇಳಲಾರೆ. ತಂಡದ ವಿವರಗಳು ಜ್ಯೋತಿಷಿಯೊಬ್ಬರಿಗೆ ಹೋಗಿದ್ದವೆಂದು ಪತ್ರಿಕೆಯಲ್ಲಿ ಬಂದಾಗ, ಬಿ.ಎಸ್‌ಸಿ. ಓದಿದ ನನಗೆ ಮೈ ಉರಿಯಿತು. 2024ರ ಏಷ್ಯಾ ಕಪ್ಪಿನಲ್ಲಿ ಮೂರು ಪಂದ್ಯ, ಮೂರೂ ಸೋಲು, ಒಂದು ಗೋಲೂ ಇಲ್ಲ. ಮಾರ್ಚಿನಲ್ಲಿ ಗುವಾಹಟಿಯಲ್ಲಿ ಅಫ್ಘಾನಿಸ್ತಾನಕ್ಕೆ 1–2. ಜೂನ್ 11ರಂದು ದೋಹಾದಲ್ಲಿ ಗೆರೆ ದಾಟಿ ಹೊರಗೆ ಹೋಗಿದ್ದ ಚೆಂಡನ್ನು ಎಳೆದು ತಂದು ಕತಾರ್ ಹೊಡೆದದ್ದನ್ನು ರೆಫರಿ ಗೋಲೆಂದರು. ಅದು ಅನ್ಯಾಯ, ಆದರೆ ಆ ಒಂದು ಗೋಲಿನ ಮೇಲೆ ಐದು ವರ್ಷದ ಲೆಕ್ಕ ಹಾಕಲಾಗದು. ಜೂನ್ 17ರಂದು ಸ್ಟಿಮಾಚ್ ಅವರನ್ನು ತೆಗೆದರು. 2026ರವರೆಗೆ ಕರಾರು ಮುಂದುವರಿಸಿದ್ದ ಫೆಡರೇಷನ್, ಕೊನೆಗೆ 4 ಲಕ್ಷ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು.

ಇತ್ತ ರೋಕಾ ಕಥೆ ಇನ್ನೂ ಸೋಜಿಗ. 2020ರ ಜನವರಿಯಲ್ಲಿ ಹೈದರಾಬಾದ್ ಕ್ಲಬ್ಬು ಅವರನ್ನು ಕೋಚಾಗಿ ನೇಮಿಸಿತು. ಪಂದ್ಯಗಳಲ್ಲಿ ತಂಡ ನಡೆಸುವ ಮೊದಲೇ, ಆ ಆಗಸ್ಟಿನಲ್ಲಿ ಬಾರ್ಸಿಲೋನಾ ಕರೆಯಿತೆಂದು ಹೊರಟುಹೋದರು. ಅವರ ಜಾಗಕ್ಕೆ ಬಂದ ಮನೋಲೊ ಮಾರ್ಕೆಸ್ 2022ರಲ್ಲಿ ಹೈದರಾಬಾದಿಗೆ ಐಎಸ್‌ಎಲ್ ಗೆದ್ದುಕೊಟ್ಟರು. 2024ರ ಜುಲೈಯಲ್ಲಿ ಸ್ಟಿಮಾಚ್ ಕುರ್ಚಿಯಲ್ಲಿ ಕೂತವರೂ ಅವರೇ. ಸ್ಪೇನಿನವರು, ಹುಡುಗರನ್ನು ಬಲ್ಲವರು. 2019ರಲ್ಲಿ ನಾನು ಕೇಳಿದ್ದ ಗುಣಗಳೆಲ್ಲ ಇದ್ದವರು. ಎಂಟು ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು, ಮಾಲ್ದೀವ್ಸ್ ಮೇಲೆ. ಹಾಂಗ್‌ಕಾಂಗಿಗೆ ಸೋತ ಮರುತಿಂಗಳು, 2025ರ ಜುಲೈಯಲ್ಲಿ ಬಿಟ್ಟುಹೋದರು.

ದಾದಾ ಆಗಲೇ ನಿವೃತ್ತರಾಗಿ ಕೋಲ್ಕತ್ತಾ ಸೇರಿದ್ದರು. ಹೊಸ ಕೋಚಿಗಾಗಿ ಉಳಿದ ಮೂರು ಹೆಸರುಗಳಲ್ಲಿ ಕಾನ್‌ಸ್ಟಂಟೈನ್ ಹೆಸರು ಮತ್ತೆ ಕಂಡ ದಿನ ಅವರ ಫೋನು ಬಂತು. "ತಿರುಗಿ ಅಲ್ಲಿಗೇ ಬಂದೆವಲ್ಲೋ!" ಆಗಸ್ಟ್ 1ರಂದು ನೇಮಕವಾದದ್ದು ಖಾಲಿದ್ ಜಮೀಲ್, 13 ವರ್ಷಗಳ ಮೇಲೆ ಒಬ್ಬ ಭಾರತೀಯ. ಇಬ್ಬರಿಗೂ ಸಂತೋಷವಾಯಿತು. ಜಗಳವಿಲ್ಲದೆ ಮಾತು ಬೇಗ ಮುಗಿದು, ಮಂಡಿನೋವು, ಪಿಂಚಣಿಯ ಕಡೆ ತಿರುಗಿತು.

ಅಕ್ಟೋಬರ್ 14ರಂದು ಗೋವೆಯಲ್ಲಿ ಸಿಂಗಪುರಕ್ಕೆ 1–2ರಿಂದ ಸೋತು, 2027ರ ಏಷ್ಯಾ ಕಪ್ಪಿನ ಬಾಗಿಲು ಮುಚ್ಚಿತು. ಮರುದಿನ ಕ್ಯಾಂಟೀನಿಗೆ ಹೋದರೆ ನಮ್ಮ ಮೂಲೆಯ ಮೇಜಿನಲ್ಲಿ ಹೊಸದಾಗಿ ಸೇರಿದ ಇಬ್ಬರು ಹುಡುಗರು, ಒಬ್ಬ ಮಣಿಪುರದವನು, ಇನ್ನೊಬ್ಬ ತ್ರಿಶೂರಿನವನು, ಮುಂದಿನ ಕೋಚ್ ಯಾರಾಗಬೇಕೆಂದು ಜೋರಾಗಿ ಕಿತ್ತಾಡುತ್ತಿದ್ದರು. "ಸರ್, ನೀವೇ ಹೇಳಿ" ಎಂದರು. ನಾನು ಚಹಾ ತೆಗೆದುಕೊಂಡು ಕುರ್ಚಿ ಎಳೆದು ಕೂತೆ.