ಕಿತ್ತಳೆ ಬೆಳಕಿನ ಪಾಠಶಾಲೆ

ವೆಬ್ ಹುಟ್ಟಲು ಇನ್ನೂ ಮೂರು ದಶಕ ಬಾಕಿಯಿತ್ತು. 1960ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಯುವ ಎಂಜಿನಿಯರ್ ಡೊನಾಲ್ಡ್ ಬಿಟ್ಜರ್, ಅಲ್ಲಿನ ಇಲಿಯಾಕ್ ಕಂಪ್ಯೂಟರಿಗೆ ಟಿವಿ ಪರದೆಯನ್ನೂ ಕೆಲವು ಗುಂಡಿಗಳನ್ನೂ ಜೋಡಿಸಿ ಪಾಠ ಹೇಳಿಸಲು ಹೊರಟರು. ಸೋವಿಯತ್ ಉಪಗ್ರಹ ಸ್ಪುಟ್ನಿಕ್ ಹಾರಿ ಮೂರು ವರ್ಷವಾಗಿತ್ತು. ಮಕ್ಕಳ ಗಣಿತ, ವಿಜ್ಞಾನದ ಬಗ್ಗೆ ಇಡೀ ದೇಶಕ್ಕೆ ದಿಗಿಲು ಹತ್ತಿತ್ತು. ಈ ವ್ಯವಸ್ಥೆಗೆ ಪ್ಲೇಟೋ ಎಂದು ಹೆಸರಾಯಿತು.

ಆರಂಭದ ದಿನಗಳ ಗುಂಡಿಗಳಲ್ಲಿ ಒಂದರ ಹೆಸರು ‘ಆಹಾ’. ಪ್ರಶ್ನೆ ಬಿಡಿಸಲಾಗದ ವಿದ್ಯಾರ್ಥಿ ‘ಹೆಲ್ಪ್’ ಒತ್ತಿದರೆ ಸುಳಿವುಗಳ ಸರಣಿ ಬರುತ್ತಿತ್ತು. ನಡುವೆಯೇ ಉತ್ತರ ಹೊಳೆಯಿತೇ? ‘ಆಹಾ’ ಒತ್ತಿ, ಉಳಿದ ಸುಳಿವುಗಳನ್ನು ಬಿಟ್ಟು, ನೇರವಾಗಿ ಮೂಲ ಪ್ರಶ್ನೆಗೆ ಮರಳಬಹುದಿತ್ತು. ಯಾರು ಎಲ್ಲಿ ತಡವರಿಸಿದರು ಎಂಬುದನ್ನು ಯಂತ್ರ ದಾಖಲಿಸುತ್ತಿತ್ತು. ಕಲಿಕೆಯ ದತ್ತಾಂಶ ಎಂದು ಇಂದು ಕರೆಯುವುದರ ಬೇರು ಇಲ್ಲಿದೆ.

ಪರದೆಯದೇ ದೊಡ್ಡ ತೊಡಕು. ಚಿತ್ರವನ್ನು ಹಿಡಿದಿಡುವ ಮೆಮೊರಿ ಆಗ ವಿಪರೀತ ದುಬಾರಿ. 1964ರಲ್ಲಿ ಬಿಟ್ಜರ್, ಜೀನ್ ಸ್ಲಾಟೊ ಮತ್ತು ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಪ್ಲಾಸ್ಮಾ ಪರದೆಯನ್ನು ಕಂಡುಹಿಡಿದರು. ಒಮ್ಮೆ ಹೊತ್ತಿದ ಚುಕ್ಕೆ ಆರಿಸುವವರೆಗೂ ಉರಿಯುತ್ತಿತ್ತು. 1972ರ ಪ್ಲೇಟೋ-4ರಲ್ಲಿ 512×512 ಚುಕ್ಕೆಗಳ ಕಿತ್ತಳೆ ಬಣ್ಣದ ಪರದೆ ಬಂತು. ಬೆರಳಿಟ್ಟರೂ ಅದಕ್ಕೆ ತಿಳಿಯುತ್ತಿತ್ತು.

ಆದರೂ ಪ್ಲೇಟೋದ ಜೀವಾಳ ಇದ್ದದ್ದು ಯಂತ್ರಕ್ಕಿಂತ ಹೆಚ್ಚಾಗಿ ಪಾಠ ಬರೆದವರಲ್ಲಿ. ಪ್ರಾಣಿಶಾಸ್ತ್ರದ ವಿದ್ಯಾರ್ಥಿ ಪಾಲ್ ಟೆನ್‌ಜಾರ್ 1967ರಲ್ಲಿ ‘ಟ್ಯೂಟರ್’ ಎಂಬ ಭಾಷೆ ರೂಪಿಸಿದ ಮೇಲೆ, ಅಧ್ಯಾಪಕರು ತಮ್ಮ ಪಾಠವನ್ನು ತಾವೇ ಬರೆಯತೊಡಗಿದರು. ಕಾಗುಣಿತ ತಪ್ಪಿದ ಉತ್ತರವನ್ನೂ ಅದು ಗುರುತಿಸಿ ತೋರಿಸಬಲ್ಲದಾಗಿತ್ತು.

ಭಿನ್ನರಾಶಿ ಕಲಿಸಲು ಶರೋನ್ ಡಗ್ಡೇಲ್ ಮತ್ತು ಡೇವಿಡ್ ಕಿಬ್ಬಿ ರೂಪಿಸಿದ ‘ಡಾರ್ಟ್ಸ್’ ಆಟವನ್ನೇ ನೋಡಿ. ಸಂಖ್ಯಾರೇಖೆಯ ಮೇಲೆ ಬಲೂನುಗಳು. ಬಲೂನು ಎಲ್ಲಿದೆಯೆಂದು ಮಗು ಅಂದಾಜಿಸಿ ಒಂದು ಭಿನ್ನರಾಶಿ ಬರೆದರೆ, ಬಾಣ ಹಾರಿ ಸರಿಯಾಗಿ ಆ ಜಾಗಕ್ಕೇ ನಾಟುತ್ತದೆ. ಗುರಿ ತಪ್ಪಿದರೆ ಎಷ್ಟು ದೂರ, ಯಾವ ಕಡೆಗೆ ಎಂಬುದು ಕಣ್ಣೆದುರೇ ಇದೆ. ಮಗು ಮತ್ತೆ ಲೆಕ್ಕ ಹಾಕುತ್ತದೆ. ತಪ್ಪು ಉತ್ತರಕ್ಕೆ ಕೆಂಪು ಗೆರೆ ಎಳೆದು ಮುಗಿಸುವ ಇಂದಿನ ಎಷ್ಟೋ ಆ್ಯಪ್‌ಗಳಿಗಿಂತ ಇದು ಮುಂದಿದೆ.

1973ರಲ್ಲಿ ಹದಿಹರೆಯದ ಡೇವಿಡ್ ವೂಲಿ, ದೋಷ ವರದಿ ಮಾಡಲೆಂದು ಪ್ಲೇಟೋದಲ್ಲಿ ‘ನೋಟ್ಸ್’ ಎಂಬ ತಂತ್ರಾಂಶ ಬರೆದ. ಅದೇ ಪ್ಲೇಟೋ ಬಳಗದ ಹರಟೆಕಟ್ಟೆಯೂ ಆಯಿತು.

ಆ ದಶಕದಲ್ಲೇ ಎಜುಕೇಶನಲ್ ಟೆಸ್ಟಿಂಗ್ ಸರ್ವಿಸ್ ಎಂಬ ಪರೀಕ್ಷಾ ಸಂಸ್ಥೆ ಪ್ಲೇಟೋವನ್ನು ಒರೆಗೆ ಹಚ್ಚಿತು. ಕಮ್ಯುನಿಟಿ ಕಾಲೇಜುಗಳಲ್ಲಿ ಅಂಕಗಳು ಅಷ್ಟೇನೂ ಏರಲಿಲ್ಲ, ಆದರೆ ಬಳಸಿದವರು ಮೆಚ್ಚಿದರು. ಸ್ಪಷ್ಟವಾದ ಗಳಿಕೆ ಕಂಡದ್ದು ಪ್ರಾಥಮಿಕ ಶಾಲೆಯ ಗಣಿತದಲ್ಲಿ, ಅಂದರೆ ‘ಡಾರ್ಟ್ಸ್’ನಂಥ ಪಾಠಗಳು ನಡೆದ ತರಗತಿಗಳಲ್ಲಿ.