ರಂಗ ಮೊಟಕುಗೊಳಿಸಿದ್ದು, ಪಾಠ ಉಳಿಸಿದ್ದು: ಕರ್ನಾಟಕದ ನೃತ್ಯ ಕಡಲು ದಾಟಿದ ಬಗೆ

ಧಾರವಾಡದ ಗಾಯನ ಹೊರದೇಶಗಳಿಗೆ ಹೋದ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಯುರೋಪು, ಅಮೆರಿಕೆಗಳಲ್ಲಿ ಹಾಡಿ ಬಂದರು. ನೃತ್ಯದಲ್ಲಿ ಮಾತ್ರ ಈ ಊರಿಗೆ ಅಂಥ ಹೆಸರು ಬರಲಿಲ್ಲ. ಈ ಭಾಗದ ಅಭಿರುಚಿಯೇ ಹಾಗೆ, ಇಲ್ಲಿ ಕಿವಿಗೆ ಇರುವ ಮನ್ನಣೆ ಕಣ್ಣಿಗಿಲ್ಲ ಎನ್ನುವವರಿದ್ದಾರೆ. ಈ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. 1913ರಲ್ಲಿ ಹುಟ್ಟಿ ಇಲ್ಲಿನ ಶುಕ್ರವಾರಪೇಟೆಯಲ್ಲಿ ಬೆಳೆದ ಗಂಗೂಬಾಯಿಯವರೇ ಚಿಕ್ಕಂದಿನಲ್ಲಿ ಕೆಲಕಾಲ ಕಥಕ್ ಕಲಿತಿದ್ದರು. ಕಾರಣ ಅಭಿರುಚಿಯಲ್ಲಿಲ್ಲ, ಕಾಲದ ಒತ್ತಡದಲ್ಲಿದೆ. ಮೈಸೂರು ಸಂಸ್ಥಾನ 1909ರಲ್ಲಿ ಮುಜರಾಯಿ ದೇವಸ್ಥಾನಗಳ ನರ್ತನ ಸೇವೆಯನ್ನು ನಿಲ್ಲಿಸಿತು. ಧಾರವಾಡ ಆಗ ಸೇರಿದ್ದ ಮುಂಬಯಿ ಪ್ರಾಂತದಲ್ಲಿ 1934ರಲ್ಲಿ ದೇವದಾಸಿ ಸಂರಕ್ಷಣಾ ಕಾಯಿದೆ ಬಂತು. ಕಲೆಯನ್ನೇ ಬದುಕಾಗಿಸಿಕೊಂಡಿದ್ದ ಮನೆತನಗಳ ಹೆಣ್ಣುಮಕ್ಕಳಿಗೆ ಕುಣಿತ ಕಳಂಕವಾಯಿತು. ಕೂತು ಹಾಡುವ ಖಯಾಲಿನಲ್ಲಿ ಮರ್ಯಾದೆಯ ದಾರಿ ಕಂಡಿತು. ಮೈಸೂರು ಸೀಮೆಯಲ್ಲಿ ದೇವಸ್ಥಾನದ ಸೇವೆ ನಿಂತರೂ ಹಾಗಾಗಲಿಲ್ಲ. ಅಲ್ಲಿ ಅರಮನೆಯ ಆಸರೆಯಿತ್ತು, ಬೆಂಗಳೂರಿನ ಇಂಗ್ಲಿಷ್ ಕಲಿತ ಮನೆಗಳ ಕುತೂಹಲವಿತ್ತು. ಆದ್ದರಿಂದ ಕರ್ನಾಟಕದ ನೃತ್ಯ ಹೊರನಾಡಿಗೆ ಹೋದ ಚರಿತ್ರೆ ಬೆಂಗಳೂರಿನಿಂದ ಹೊರಡುತ್ತದೆ. ಅದು ಮುಂದೆ ನಮ್ಮ ಘಟ್ಟದ ಕೆಳಗಿನ ಊರೊಂದನ್ನು ಮುಟ್ಟುವುದು ಈ ಲೇಖನಕ್ಕೆ ಮುಖ್ಯ.

ಆ ಚರಿತ್ರೆಯಲ್ಲಿ ಎರಡು ಎಳೆತಗಳಿವೆ. ಹೊರದೇಶದ ರಂಗಮಂಚ ನಮ್ಮ ನೃತ್ಯವನ್ನು ಮೊಟಕುಗೊಳಿಸಿತು. ಹೊರದೇಶದ ಪಾಠ ಅದನ್ನು ಮತ್ತೆ ಅದರ ಉದ್ದಕ್ಕೆ ತಂದಿತು. ಪ್ರದರ್ಶನವನ್ನೂ ಬೋಧನೆಯನ್ನೂ ಒಂದೇ ಕಥೆಯಾಗಿ ಹೇಳುವುದು ವಾಡಿಕೆಯಾಗಿರುವುದರಿಂದ ಈ ವ್ಯತ್ಯಾಸ ಗಮನಕ್ಕೆ ಬಂದಿಲ್ಲ.

ನರ್ತಕ ರಾಮಗೋಪಾಲರಿಂದ ಆರಂಭಿಸಬೇಕು. ಅವರು ಹುಟ್ಟಿದ್ದು 1912ರಲ್ಲಿ, ಬೆಂಗಳೂರಿನಲ್ಲಿ; ತಂದೆ ರಜಪೂತ ವಕೀಲರು, ತಾಯಿ ಬರ್ಮಾದವರು. ಭಾರತದ ನೃತ್ಯಗಳನ್ನು ಕಲಿಯಲು ಬಂದಿದ್ದ ಅಮೆರಿಕದ ನರ್ತಕಿ ಲಾ ಮೇರಿ ಈ ತರುಣನನ್ನು ತನ್ನ ಪೂರ್ವದೇಶಗಳ ಪ್ರವಾಸಕ್ಕೆ ಕರೆದೊಯ್ದರು. ಆ ಜೊತೆ ಜಪಾನಿನಲ್ಲಿ ಮುರಿದುಬಿತ್ತು. ರಾಮಗೋಪಾಲರು ಒಬ್ಬರೇ ಮುಂದುವರಿದು ಅಮೆರಿಕ, ಪೋಲೆಂಡ್, ಪ್ಯಾರಿಸ್ ಸುತ್ತಿ 1939ರಲ್ಲಿ ಲಂಡನ್ನಿನ ಆಲ್ಡ್‌ವಿಚ್ ಥಿಯೇಟರಿನಲ್ಲಿ ಕುಣಿದರು. ಅವರ ಒಂದು ಸಂಜೆಯ ಕಾರ್ಯಕ್ರಮದಲ್ಲಿ ಭರತನಾಟ್ಯವೂ ಇರುತ್ತಿತ್ತು, ಕಥಕ್ಕಳಿಯೂ ಕಥಕ್ಕೂ ಇರುತ್ತಿದ್ದವು. ಎಲ್ಲವೂ ಕೆಲವೇ ನಿಮಿಷಗಳ ತುಣುಕುಗಳು. ಒಂದು ವರ್ಣವನ್ನು ಮುಕ್ಕಾಲು ಗಂಟೆ ವಿಸ್ತರಿಸಿದರೆ ಭಾಷೆ ತಿಳಿಯದ ಪ್ರೇಕ್ಷಕ ಕೂರುವುದಿಲ್ಲ ಎಂಬ ಲೆಕ್ಕ ಇದರ ಹಿಂದೆ ಇತ್ತು. ಸಂಚಾರಿಯ ಅಭಿನಯ ಹಿಂದೆ ಸರಿದು ವೇಷಭೂಷಣ, ಬೆಳಕು, ಮೈಮಾಟ ಮುಂದೆ ಬಂದವು.

ಇದನ್ನು ಬರೀ ಸವಕಳಿ ಎಂದು ತಳ್ಳಿಹಾಕುವುದು ಅನ್ಯಾಯ. ರಾಮಗೋಪಾಲರು ಕುಂಜು ಕುರುಪರಲ್ಲಿ ಕಥಕ್ಕಳಿಯನ್ನೂ ಪಂದನಲ್ಲೂರು ಮೀನಾಕ್ಷಿಸುಂದರಂ ಪಿಳ್ಳೆಯವರಲ್ಲಿ ಭರತನಾಟ್ಯವನ್ನೂ ಕಲಿತವರು. ಹೊರಗಿನ ವೇದಿಕೆಯಲ್ಲಿ ನಿಂತವರಿಗೆ ತಮ್ಮ ಕಲಿಕೆಯ ಕೊರತೆ ಬೇಗ ಅರಿವಾಗುತ್ತದೆ. ಗುರುವಿನ ಬಾಗಿಲಿಗೆ ಮತ್ತೆ ಮತ್ತೆ ಹೋಗುವ ಹಟ ಅವರಲ್ಲಿ ಹುಟ್ಟಿದ್ದು ಅದರಿಂದಲೇ ಎಂದು ನಾನು ತಿಳಿಯುತ್ತೇನೆ. ಬೆಂಗಳೂರಿನ ಯು.ಎಸ್. ಕೃಷ್ಣರಾವ್ ಮತ್ತು ಚಂದ್ರಭಾಗಾದೇವಿ ದಂಪತಿಗಳೂ ಅದೇ ಪಿಳ್ಳೆಯವರಿಗೆ ಶಿಷ್ಯರಾದರು. ಕೃಷ್ಣರಾವ್ ವೃತ್ತಿಯಿಂದ ರಸಾಯನಶಾಸ್ತ್ರದ ಅಧ್ಯಾಪಕರು. ವಿದೇಶ ಪ್ರವಾಸಗಳ ಜೊತೆಗೆ ಪಾರಿಭಾಷಿಕ ಪದಗಳ ಕೋಶ ಕಟ್ಟುವ ಶ್ರದ್ಧೆಯೂ ಅವರಲ್ಲಿತ್ತು.

ಪಾಠದ ಕಥೆ ಬೇರೆ. ನ್ಯೂಯಾರ್ಕಿನಲ್ಲಿ 1940ರಲ್ಲಿ ನರ್ತಕಿ ರೂತ್ ಸೇಂಟ್ ಡೆನಿಸ್ ಜೊತೆಗೂಡಿ ‘ಸ್ಕೂಲ್ ಆಫ್ ನಾಟ್ಯ’ ತೆರೆದವರು ಭಾರತೀಯರಲ್ಲ, ಅದೇ ಲಾ ಮೇರಿ. ಕಲಿತದ್ದು ಕೆಲವು ತಿಂಗಳು, ಕಲಿಸಿದ್ದು ಹಲವು ವರ್ಷ. 1944ರಲ್ಲಿ ಅವರು ‘ಸ್ವಾನ್ ಲೇಕ್’ ಬ್ಯಾಲೆಯನ್ನೇ ಭಾರತೀಯ ಹಸ್ತಮುದ್ರೆಗಳಲ್ಲಿ ಆಡಿ ತೋರಿಸಿದರು. ರಾಮಗೋಪಾಲರು 1960ರ ದಶಕದ ಆರಂಭದಲ್ಲಿ ಲಂಡನ್ನಿನಲ್ಲಿ ತೆರೆದ ಶಾಲೆ ಹೆಚ್ಚು ಕಾಲ ಬಾಳಲಿಲ್ಲ. ಕಲಿಯುವ ಮಕ್ಕಳೇ ಅಲ್ಲಿ ಇನ್ನೂ ಸಾಕಷ್ಟು ಇರಲಿಲ್ಲ. ವಲಸೆ ಹೋದ ಕುಟುಂಬಗಳಲ್ಲಿ ಮಕ್ಕಳು ಬೆಳೆದು ಶಾಲೆಯ ವಯಸ್ಸಿಗೆ ಬಂದಾಗಲೇ ಪಾಠಕ್ಕೆ ನೆಲ ಸಿಕ್ಕಿತು. ಲಂಡನ್ನಿನ ಭಾರತೀಯ ವಿದ್ಯಾಭವನ 1972ರಲ್ಲಿ ಆರಂಭವಾಯಿತು. ಅದನ್ನು ಕಟ್ಟಿ ನಿಲ್ಲಿಸಿದವರು ಶಿವಮೊಗ್ಗ ಬಳಿಯ ಮತ್ತೂರಿನ ಕೃಷ್ಣಮೂರ್ತಿಯವರು. ಅಲ್ಲಿ ಪ್ರಕಾಶ ಯಡಗುಡ್ಡೆಯವರು ದಶಕಗಳ ಕಾಲ ಭರತನಾಟ್ಯ ಕಲಿಸಿದ್ದಾರೆ.

ಇಂಥ ತರಗತಿಯಲ್ಲಿ ಆಗುವುದೇನು? ಗುರು ಮರದ ಮಣೆಯ ಮೇಲೆ ಕೋಲಿನಿಂದ ತಾಳ ತಟ್ಟುತ್ತಾರೆ. ಮಕ್ಕಳು ಅರೆಮಂಡಿಯಲ್ಲಿ ಕೂತು ‘ತೈಯಾ ತೈ’ ಎಂದು ಮೊದಲ ಅಡವನ್ನು ಮೂರು ಕಾಲಗಳಲ್ಲಿ ಹಾಕುತ್ತಾರೆ. ವಾರಕ್ಕೆ ಒಂದೇ ಪಾಠವಾದ್ದರಿಂದ ಈ ಅಡವುಗಳಿಗೇ ವರ್ಷಗಳು ಹಿಡಿಯುತ್ತವೆ. ಆದರೂ ಗುರಿ ರಂಗಪ್ರವೇಶ. ಅಲರಿಪುವಿನಿಂದ ತಿಲ್ಲಾನದವರೆಗೆ, ನಡುವೆ ಒಂದು ಪೂರ್ಣ ವರ್ಣ, ಪಕ್ಕವಾದ್ಯದವರು ಎದುರಿಗೇ ಕೂತು ನುಡಿಸುವ ಎರಡು ಎರಡೂವರೆ ಗಂಟೆಯ ಮಾರ್ಗ. ಟಿಕೆಟ್ಟು ಮಾರುವ ಥಿಯೇಟರು ಕತ್ತರಿಸಿದ್ದನ್ನು ಬಂಧುಬಳಗ ತುಂಬಿದ ಸಭೆ ತಾಳ್ಮೆಯಿಂದ ನೋಡಿತು. ಮದುವೆಯಷ್ಟು ಖರ್ಚಿನ ಆಡಂಬರ ಎಂಬ ಆಕ್ಷೇಪ ಇದ್ದದ್ದೇ, ಅದರಲ್ಲಿ ಸತ್ಯವೂ ಇದೆ. ಆದರೆ ವರ್ಣವನ್ನು ಇಡಿಯಾಗಿ ಉಳಿಸಿದ್ದು ಆ ಸಭೆಯೇ.

ಪರೀಕ್ಷೆಗಳದು ಇನ್ನೊಂದು ಮುಖ. ಹುಬ್ಬಳ್ಳಿ-ಧಾರವಾಡದ ನೃತ್ಯ ವಿದ್ಯಾರ್ಥಿಗಳಿಗೆ ಎರಡು ದಾರಿಗಳಿವೆ: ಕರ್ನಾಟಕ ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳು, ಇಲ್ಲವೇ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪ್ರವೇಶಿಕಾ, ಮಧ್ಯಮಾ, ವಿಶಾರದ. ಇಂಗ್ಲೆಂಡಿನಲ್ಲಿ 1999ರಲ್ಲಿ ಇಂಪೀರಿಯಲ್ ಸೊಸೈಟಿ ಆಫ್ ಟೀಚರ್ಸ್ ಆಫ್ ಡಾನ್ಸಿಂಗ್ ಸಂಸ್ಥೆ ದಕ್ಷಿಣ ಏಷ್ಯಾ ನೃತ್ಯಕ್ಕೆ ವಿಭಾಗ ತೆರೆದು ಭರತನಾಟ್ಯ, ಕಥಕ್‌ಗಳಿಗೆ ಶ್ರೇಣಿ ಪರೀಕ್ಷೆ ಇಟ್ಟಿತು. ಬ್ಯಾಲೆ ಮಕ್ಕಳಿಗೆ ಪರೀಕ್ಷೆ ನಡೆಸುವ ಸಂಸ್ಥೆಯೇ ಅಡವುಗಳಿಗೂ ಪಠ್ಯಕ್ರಮ ಮಾಡಿತು.

ಈ ಇಡೀ ಚರಿತ್ರೆಯಲ್ಲಿ ನನಗೆ ಬಹಳ ಮಹತ್ವದ್ದಾಗಿ ಕಾಣುವುದು ಮಾಯಾ ರಾವ್ ಅವರ ದಾರಿ. ಅವರು ಹುಟ್ಟಿದ್ದು 1928ರಲ್ಲಿ, ಬೆಂಗಳೂರಿನಲ್ಲಿ. ರಾಮಗೋಪಾಲರಿಗೂ ಕಥಕ್ ಕಲಿಸಿದ್ದ ಸೋಹನಲಾಲರಲ್ಲಿ ಜೈಪುರ ಘರಾಣೆಯ ಪಾಠವಾಯಿತು, ಬಳಿಕ ದೆಹಲಿಯಲ್ಲಿ ಶಂಭು ಮಹಾರಾಜರಲ್ಲಿ ಶಿಕ್ಷಣ. 1960ರಲ್ಲಿ ಸೋವಿಯತ್ ವಿದ್ಯಾರ್ಥಿವೇತನ ಪಡೆದು ಮಾಸ್ಕೋಗೆ ಹೋದರು. ಅವರು ಹೋದದ್ದು ಕುಣಿದು ತೋರಿಸಲಿಕ್ಕಲ್ಲ, ಕಲಿಸಲಿಕ್ಕೂ ಅಲ್ಲ. ನೃತ್ಯ ಸಂಯೋಜನೆಯನ್ನು ಒಂದು ಶಾಸ್ತ್ರವಾಗಿ ಕಲಿಯಲಿಕ್ಕೆ. 1964ರಲ್ಲಿ ಮರಳಿ, ಕಮಲಾದೇವಿ ಚಟ್ಟೋಪಾಧ್ಯಾಯರ ಬೆಂಬಲದಿಂದ ದೆಹಲಿಯಲ್ಲಿ ನಾಟ್ಯ ಇನ್‌ಸ್ಟಿಟ್ಯೂಟ್ ಆಫ್ ಕೊರಿಯೋಗ್ರಫಿ ಕಟ್ಟಿದರು. 1980ರ ದಶಕದಲ್ಲಿ ಅದು ಬೆಂಗಳೂರಿಗೆ ಬಂತು.

ದೆಹಲಿಯ ಆ ಸಂಸ್ಥೆಯಲ್ಲಿ ಕಲಿತವರಲ್ಲಿ ಹೊನ್ನಾವರದ ಕೆರೆಮನೆ ಶಂಭು ಹೆಗಡೆ ಒಬ್ಬರು. ಅವರ ತಂದೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ್ದು ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿ. ಯಕ್ಷಗಾನ ಶಾಸ್ತ್ರೀಯವೋ ಜಾನಪದವೋ ಎಂಬ ಹಳೆಯ ಜಗಳಕ್ಕೆ ಇಲ್ಲಿ ಹೋಗಬೇಕಾಗಿಲ್ಲ. ಅದರ ತಾಳದ ಬಿಗಿಯನ್ನೂ ಹೆಜ್ಜೆಗೆ ಹಿಡಿಯುವ ವರ್ಷಗಳನ್ನೂ ಬಲ್ಲವರಿಗೆ ಆ ಪ್ರಶ್ನೆ ಏಳುವುದಿಲ್ಲ. ಹೊರದೇಶದವರು ಅದನ್ನು ಕಲಿಯಲು ಇಲ್ಲಿಗೆ ಬಂದದ್ದೂ ಉಂಟು: ಅಮೆರಿಕದ ಮಾರ್ಥಾ ಆಷ್ಟನ್ ಉಡುಪಿಗೆ ಬಂದು ಹಿರಿಯಡಕ ಗೋಪಾಲರಾಯರು, ವೀರಭದ್ರ ನಾಯಕರ ಬಳಿ ಕಲಿತು, 1977ರಲ್ಲಿ ಬ್ರೂಸ್ ಕ್ರಿಸ್ಟಿಯವರೊಂದಿಗೆ ಯಕ್ಷಗಾನದ ಬಗ್ಗೆ ಇಂಗ್ಲಿಷ್ ಪುಸ್ತಕ ಪ್ರಕಟಿಸಿದ್ದರು. ಇತ್ತ ಮಾಸ್ಕೋದ ಸಂಯೋಜನೆಯ ಶಿಸ್ತು ಮಾಯಾ ರಾಯರ ಮೂಲಕ ಶಂಭು ಹೆಗಡೆಯವರಿಗೆ ಬಂದು, ಅವರಿಂದ ಯಕ್ಷಗಾನದ ಬಡಗುತಿಟ್ಟಿನ ರಂಗಕ್ಕೆ ಇಳಿಯಿತು. ಪಾತ್ರ ರಂಗದ ಯಾವ ಜಾಗದಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು ಎಂಬ ಅವರ ಎಚ್ಚರದಲ್ಲಿ ಅದು ಕಾಣುತ್ತಿತ್ತು. 1986ರಲ್ಲಿ ಅವರು ಗುಣವಂತೆಯಲ್ಲಿ ಶ್ರೀಮಯ ಯಕ್ಷಗಾನ ಕೇಂದ್ರ ತೆರೆದು ಅದನ್ನೇ ಪಾಠವಾಗಿಸಿದರು.

ಅಮೆರಿಕ, ಇಂಗ್ಲೆಂಡ್, ಚೀನಾ ಮೊದಲಾದ ಕಡೆ ಹೋದ ಈ ಮೇಳಕ್ಕೂ ರಾಮಗೋಪಾಲರು ಎದುರಿಸಿದ ಸಮಸ್ಯೆಯೇ ಎದುರಾಯಿತು. ಇಡೀ ರಾತ್ರಿಯ ಪ್ರಸಂಗ ಎರಡು ಗಂಟೆಗೆ ಇಳಿಯಬೇಕಿತ್ತು. ಕನ್ನಡ ತಿಳಿಯದವರ ಮುಂದೆ ಮೊದಲು ಕತ್ತರಿ ಬೀಳುವುದು ಅರ್ಥಗಾರಿಕೆಗೆ. ಒಡ್ಡೋಲಗ, ಯುದ್ಧದ ಕುಣಿತ, ಚಂಡೆಯ ಪೆಟ್ಟು ಉಳಿಯುತ್ತವೆ. ಮಾತೇ ಅರ್ಧ ಪ್ರಾಣವಾದ ಕಲೆಗೆ ಇದು ಸಣ್ಣ ನಷ್ಟವಲ್ಲ. ಅದೇ ಮೇಳ ಕನ್ನಡ ಕೂಟದ ಸಭಾಂಗಣಕ್ಕೆ ಹೋದರೆ ಕಥೆ ತಿರುಗುತ್ತದೆ. ಅಲ್ಲಿ ಜನ ಕಾದು ಕೂತಿರುವುದೇ ಮಾತಿಗೆ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ 2000ದಲ್ಲಿ ಹ್ಯೂಸ್ಟನ್ನಿನಲ್ಲಿ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನ ನಡೆಸಿದ ಮೇಲೆ ಇಂಥ ವೇದಿಕೆಗಳು ಹೆಚ್ಚಿದವು. ಅಲ್ಲಿ ಹುಟ್ಟಿ ಬೆಳೆದ ಮಕ್ಕಳಿಗೆ ಯಕ್ಷಗಾನ ಕಲಿಸುವವರು ಈಗ ಹೆಜ್ಜೆಗಿಂತ ಹೆಚ್ಚು ಹೆಣಗುವುದು ಅರ್ಥಗಾರಿಕೆಯ ಕನ್ನಡಕ್ಕೆ: ‘ಳ’ಕಾರ, ಮಹಾಪ್ರಾಣ, ಪೌರಾಣಿಕ ಪಾತ್ರದ ಗತ್ತಿಗೆ ತಕ್ಕ ನಿಧಾನ. ಎರಡು ನಿಮಿಷದ ಸಂಭಾಷಣೆಯನ್ನು ಮಗುವಿನ ಬಾಯಲ್ಲಿ ನಿಲ್ಲಿಸಲು ಅವರು ತಿಂಗಳುಗಟ್ಟಲೆ ದುಡಿಯುತ್ತಾರೆ.